ಪಾದದಿಂದ ಶುರುವಾದ ಪತ್ರ

ಪದವಿಗೆ ನಾಲ್ಕು ವರ್ಷ. ಉಳಿದವರಿಗೆ ಮೂರು, ಅವರಿಗೆ ಒಂದು ಹೆಚ್ಚು. ಸ್ನಾತಕೋತ್ತರಕ್ಕೆ ಎರಡು. ಡಾಕ್ಟರೇಟಿಗೆ ಆರು, ಅದರಲ್ಲಿ ಒಂದೂವರೆ ವರ್ಷ ಮಾರ್ಗದರ್ಶಕರು ಕರಡನ್ನು ಓದದೆ ಕಪಾಟಿನಲ್ಲಿಟ್ಟುಕೊಂಡದ್ದು. ಖಾಯಂ ಅಲ್ಲದ ಕೆಲಸ ಎರಡು ವರ್ಷ. ಈ ಕಾಲೇಜಿನ ಮನೋವೈದ್ಯ ವಿಭಾಗದಲ್ಲಿ ಪಾಠ ಆರು ವರ್ಷ. ಒಟ್ಟು ಇಪ್ಪತ್ತು.

"ಇಷ್ಟು ಹಿಡಿದಿದೆ, ಒಬ್ಬ ಚಿಕ್ಕ ಮೇಡಂ ತಯಾರಾಗೋಕೆ," ಎಂದು ಟೈಪಮ್ಮ ಬೆರಳು ಮಡಿಸಿ ಲೆಕ್ಕ ಮುಗಿಸಿದರು. "ಕೆಡವೋಕೆ ಒಂದೂವರೆ ಪುಟ ಸಾಕಾಯ್ತು."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಎಂದ ಅಳಿಯ.

"ಗಾದೆ ಹೇಳೋದು ನನ್ನ ಕೆಲಸ. ನೀನು ಬೀಗ ನೋಡು."

ಅಳಿಯ ಬೀಗ ರಿಪೇರಿಯವನು. ಕಾಲೇಜಿನ ನೆಲಮಾಳಿಗೆಯ ದಾಖಲೆ ಕೋಣೆಯ ಬಾಗಿಲ ಮುಂದೆ ಮಂಡಿಯೂರಿ, ಬೀಗದ ಬಾಯಿಗೆ ಟಾರ್ಚು ಹಿಡಿದಿದ್ದ. ಗಂಟೆ ಹನ್ನೊಂದಾಗಿತ್ತು. ಮಧ್ಯಾಹ್ನ ಮೂರಕ್ಕೆ ಸಮಿತಿ ಸೇರುವುದಿತ್ತು.

ಚಿಕ್ಕ ಮೇಡಂಗೆ ಮಾನಸಿಕ ಕಾಯಿಲೆ ಇದೆ, ಹತ್ತೊಂಬತ್ತನೇ ವಯಸ್ಸಿನಲ್ಲಿ ಆಸ್ಪತ್ರೆ ಸೇರಿದ್ದರು, ಅದನ್ನು ಮುಚ್ಚಿಟ್ಟು ರೋಗಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾರೆ ಎಂಬ ಹೆಸರಿಲ್ಲದ ಪತ್ರ ಸೋಮವಾರ ನಿರ್ದೇಶಕರ ಮೇಜಿಗೆ ಬಂದಿತ್ತು. ಇಂದು ಗುರುವಾರ.

"ಬೀಗ ಒಡೆದಿಲ್ಲ ಅತ್ತೆ. ತಂತಿ ಹಾಕಿದ ಗೀರೂ ಇಲ್ಲ. ಕೀಲಿ ಇದ್ದವರೇ ತೆಗೆದಿದ್ದಾರೆ."

"ಕೀಲಿ ವಿಭಾಗದ ನಾಲ್ಕೂ ಜನರ ಹತ್ತಿರ ಇದೆಯಂತೆ. ಒಳಗೆ ಬಾ."

ಹಳೇ ಆಸ್ಪತ್ರೆ ಮುಚ್ಚಿದಾಗ ಅದರ ಫೈಲುಗಳನ್ನೆಲ್ಲ ಇಲ್ಲಿಗೆ ಸಾಗಿಸಿದ್ದರು. ಕಬ್ಬಿಣದ ಕಪಾಟುಗಳು ವರ್ಷದ ಪ್ರಕಾರ ಸಾಲಾಗಿ ನಿಂತಿದ್ದವು. ಇಪ್ಪತ್ತು ವರ್ಷದ ಹಿಂದಿನ ಸಾಲಿನಲ್ಲಿ, ಎರಡು ದಪ್ಪ ಫೈಲುಗಳ ನಡುವೆ ಹೆಬ್ಬೆರಳು ತೂರುವಷ್ಟು ಜಾಗ ಖಾಲಿ. ಚಿಕ್ಕ ಮೇಡಂ ಅವರ ಫೈಲು ಇರಬೇಕಾಗಿದ್ದುದು ಅಲ್ಲೇ.

ಟೈಪಮ್ಮ ಆ ಖಾಲಿ ಜಾಗದಲ್ಲಿ ಬೆರಳು ಎಳೆದು ನೋಡಿಕೊಂಡರು. ಬೆರಳ ತುದಿ ಬೂದು ಬಣ್ಣಕ್ಕೆ ತಿರುಗಿತ್ತು.

"ಧೂಳು ನೋಡು. ಪಕ್ಕದ ಫೈಲಿನ ಮೇಲೆ ಎಷ್ಟಿದೆಯೋ ಇಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ."

"ಅಂದ್ರೆ?"

"ಹೋದ ವಾರ ಕದ್ದಿದ್ದಲ್ಲ ಇದು. ವರ್ಷಗಟ್ಟಲೆ ಆಗಿದೆ. ಯಾರೋ ಇಷ್ಟು ದಿನ ಮಡಿಲಲ್ಲಿ ಇಟ್ಕೊಂಡು ಕೂತಿದ್ದಾರೆ."

ಅಳಿಯ ಸಣ್ಣಗೆ ಸಿಳ್ಳೆ ಹಾಕಿದ. ಟೈಪಮ್ಮ ಕೆಕ್ಕರಿಸಿ ನೋಡಿದರು. ಸಿಳ್ಳೆ ನಿಂತಿತು.

* * *

ಟೈಪಮ್ಮನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹದಿನೆಂಟು ವರ್ಷ ಅದೇ ಹಳೇ ಆಸ್ಪತ್ರೆಯಲ್ಲಿ ಡಾಕ್ಟರುಗಳ ಬರಹವನ್ನು ಟೈಪು ಮಾಡಿದ್ದರು. ಕೆಲಸ ಬಿಟ್ಟು ಪತ್ತೇದಾರಿ ಕಚೇರಿ ತೆರೆದು ಇಪ್ಪತ್ತೆರಡು ವರ್ಷ. ಮನಸ್ಸಿನ ಶಾಸ್ತ್ರ ಓದಿದವರಲ್ಲ. ಆದರೆ ಅದನ್ನು ಓದಿದವರು ಹೇಗೆ ಬರೆಯುತ್ತಾರೆ ಎಂಬುದು ಅವರ ಹತ್ತು ಬೆರಳಿಗೂ ಗೊತ್ತಿತ್ತು.

ಮೆಟ್ಟಿಲ ಮೇಲೆ ಕೂತು ಪತ್ರದ ಪ್ರತಿಯನ್ನು ತೊಡೆಯ ಮೇಲೆ ಹರಡಿದರು. ಆಪಾದಿತರಿಗೆ ಒಂದು ಪ್ರತಿ ಕೊಡಬೇಕೆಂಬುದು ಕಾಲೇಜಿನ ನಿಯಮ. ಚಿಕ್ಕ ಮೇಡಂ ಅದನ್ನು ಹಾಗೆಯೇ ತಂದು ಇವರ ಕೈಗೆ ಕೊಟ್ಟಿದ್ದರು.

"ಕೇಳು. 'ಎಡಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿದ್ದು, ಬಿಳಿ ಬಟ್ಟೆಯ ಚೂರಿನಿಂದ ಕಟ್ಟಿರುತ್ತಾರೆ. ಉಡುಪಿನ ಅಂಚು ಕೊಳೆ. ಉಗುರು ಕಚ್ಚಿದ ಗುರುತು. ತಲೆ ಬಾಚಿರುವುದಿಲ್ಲ. ಎದುರಿನವರ ಕಣ್ಣು ನೋಡುವುದಿಲ್ಲ. ಮಾತು ಕಡಿಮೆ, ದನಿ ಸಣ್ಣದು.' ಆಮೇಲೆ ಬೇಸರ. ಆಮೇಲೆ ಯೋಚನೆ. ಆಮೇಲೆ ಕಿವಿಯಲ್ಲಿ ದನಿ ಕೇಳೋದು. ಆಮೇಲೆ ಮರೆವು. ಕೊನೆಗೆ, 'ತನಗೆ ಕಾಯಿಲೆ ಇದೆಯೆಂಬ ಅರಿವು ಇವರಿಗಿಲ್ಲ.'"

"ಹೊಟ್ಟೆಕಿಚ್ಚಿನವರು ಬರೆದ ಹಾಗಿದೆ."

"ಹೊಟ್ಟೆಕಿಚ್ಚಿನವರು ಇಷ್ಟು ಅಚ್ಚುಕಟ್ಟಾಗಿ ಬರೆಯಲ್ಲ ಕಣಪ್ಪ. ನೀನು ನಿನ್ನ ಷಡ್ಡಕನ ಬಗ್ಗೆ ಬಯ್ಯೋವಾಗ ಎಲ್ಲಿಂದ ಶುರು ಮಾಡ್ತೀಯ?"

"ಅವನ ಮದುವೆಯಿಂದ."

"ನೋಡು. ಸಿಟ್ಟು ಬಂದವರು ಉರಿಯೋ ಜಾಗದಿಂದ ಶುರು ಮಾಡ್ತಾರೆ. ಇದು ಹಾಗಿಲ್ಲ. ಇದು ಮನೋವೈದ್ಯರು ರೋಗಿಯನ್ನು ಪರೀಕ್ಷೆ ಮಾಡಿ ಬರೆಯೋ ಕ್ರಮ. ಮೊದಲು ವೇಷ, ಆಮೇಲೆ ಕಣ್ಣು, ಮಾತು, ಮನಸ್ಸು. ಕೊನೆಗೆ ಅರಿವು. ಸಾವಿರ ಸಲ ಟೈಪು ಮಾಡಿದ್ದೀನಿ."

"ಹಾಗಾದ್ರೆ ಬರೆದದ್ದು ಮುಖ್ಯಸ್ಥರು, ದೊಡ್ಡ ಡಾಕ್ಟ್ರೇ. ಈ ವಿಭಾಗದಲ್ಲಿ ವೈದ್ಯಕೀಯ ಓದಿದವರು ಅವರೊಬ್ಬರೇ ತಾನೆ?"

"ಅವಸರ ಮಾಡಬೇಡ. ಪಾದದಿಂದ ಶುರುವಾಗಿದೆ ನೋಡು ಇದು."

ಎಲ್ಲ ಡಾಕ್ಟರೂ ಮುಖದಿಂದ ಕೆಳಗೆ ಬರೆಯುತ್ತಾರೆ. ಪಾದದಿಂದ ಮೇಲಕ್ಕೆ ಬರೆಯುವುದನ್ನು ಟೈಪಮ್ಮ ಕಂಡದ್ದು ಒಂದೇ ಕಡೆ. ಹಳೇ ಆಸ್ಪತ್ರೆಯಲ್ಲಿ ಕಲಿಸುತ್ತಿದ್ದ ಮುದುಕರೊಬ್ಬರ ಶಿಷ್ಯರು ಮಾತ್ರ ಹಾಗೆ ಬರೆಯುತ್ತಿದ್ದರು. "ಮುಖಕ್ಕೆ ಸುಳ್ಳು ಹೇಳೋದು ಗೊತ್ತು, ಕಾಲಿಗೆ ಆ ಬುದ್ಧಿ ಇಲ್ಲ," ಎಂದು ಅವರು ಕಲಿಯುವವರ ತಲೆಯನ್ನು ಕೈಯಿಂದ ಹಿಡಿದು ಬಗ್ಗಿಸಿ ರೋಗಿಯ ಕಾಲು ತೋರಿಸುತ್ತಿದ್ದರಂತೆ. ಹಿಂದಿನಿಂದ ಎಲ್ಲರೂ ಅವರನ್ನು ಚಪ್ಪಲಿ ಡಾಕ್ಟ್ರು ಎನ್ನುತ್ತಿದ್ದರು. ಆದರೆ ಒಮ್ಮೆ ಅವರ ಕೈಯಲ್ಲಿ ಪಳಗಿದವರು ಸಾಯುವವರೆಗೂ ಮೊದಲು ಕಾಲನ್ನೇ ನೋಡುತ್ತಿದ್ದರು.

"ಅಂದರೆ ನಮಗೆ ಬೇಕಾದವರು ಅಲ್ಲಿ ಕಲಿತವರು," ಎಂದು ಟೈಪಮ್ಮ ಚೀಲದಿಂದ ಕಾಲೇಜಿನ ಪರಿಚಯ ಪುಸ್ತಿಕೆ ತೆಗೆದರು. ಪ್ರತಿಯೊಬ್ಬ ಅಧ್ಯಾಪಕರಿಗೂ ಅದರಲ್ಲಿ ಒಂದು ಪುಟ. ಒಂದು ಫೋಟೋ, ಓದಿನ ಹಿನ್ನೆಲೆ, ಸಂಶೋಧನೆಯ ಆಸಕ್ತಿ.

ದೊಡ್ಡ ಡಾಕ್ಟರು, ವಿಭಾಗದ ಮುಖ್ಯಸ್ಥರು. ವೈದ್ಯ ಪದವಿ, ಮನೋವೈದ್ಯ ತರಬೇತಿ, ಎರಡೂ ದೂರದ ಬೇರೊಂದು ಕಾಲೇಜಿನಲ್ಲಿ. ಆಸಕ್ತಿ: ವೃದ್ಧಾಪ್ಯದ ಮರೆವು.

ಲೆಕ್ಕದಮ್ಮ. ಗಣಿತದಿಂದ ಮನಃಶಾಸ್ತ್ರಕ್ಕೆ ಬಂದವರು. ಆಸಕ್ತಿ: ಪ್ರಶ್ನಾವಳಿಗೆ ಉತ್ತರಿಸುವಾಗ ಜನ ಯಾಕೆ ಸುಳ್ಳು ಹೇಳುತ್ತಾರೆ ಎಂಬುದು.

ನಿದ್ದೆ ಮೇಷ್ಟ್ರು. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ, ಡಾಕ್ಟರೇಟ್. ಆಸಕ್ತಿ: ನಿದ್ರಾಹೀನತೆ.

ಚಿಕ್ಕ ಮೇಡಂ. ಆಸಕ್ತಿ: ಮಾನಸಿಕ ಆಸ್ಪತ್ರೆಯಿಂದ ಮನೆಗೆ ಮರಳಿದವರ ಮೊದಲ ಒಂದು ವರ್ಷ.

"ಸಂಶೋಧನೆಗೆ ಯಾರು ಯಾವುದು ಆರಿಸ್ಕೊಳ್ತಾರೆ ಅಂತ ನೋಡಿದರೆ ಸಾಕು," ಎಂದರು ಟೈಪಮ್ಮ. "ತುರಿಕೆ ಇರೋ ಕಡೆಗೇ ಕೈ ಹೋಗೋದು. ದೊಡ್ಡ ಡಾಕ್ಟ್ರ ತಾಯಿ ಕೊನೆಗಾಲದಲ್ಲಿ ಮಗನನ್ನೇ ಗುರುತು ಹಿಡೀಲಿಲ್ವಂತೆ. ನಿದ್ದೆ ಮೇಷ್ಟ್ರು ಕಣ್ಣು ಮುಚ್ಚಿದ್ದನ್ನ ಈ ಕಟ್ಟಡದಲ್ಲಿ ಯಾರೂ ನೋಡಿಲ್ಲ."

"ಲೆಕ್ಕದಮ್ಮ?"

"ಅವರಿಗೆ ಯಾರೋ ದೊಡ್ಡ ಸುಳ್ಳು ಹೇಳಿರಬೇಕು. ಇಲ್ಲಾ ಅವರೇ ಹೇಳಿರಬೇಕು."

ಅಳಿಯ ಪುಸ್ತಿಕೆಯ ಮೇಲೆ ಬಗ್ಗಿದ. "ಇವರಲ್ಲಿ ಯಾರೂ ಹಳೇ ಆಸ್ಪತ್ರೇಲಿ ಕಲಿತಿಲ್ವಲ್ಲ ಅತ್ತೆ."

"ಕಲಿತಿಲ್ಲ ಅಂತ ಬರೆದಿಲ್ಲ. ಕಲಿತಿದ್ದಾರೆ ಅಂತ ಬರೆದಿಲ್ಲ, ಅಷ್ಟೆ." ಅವರ ಬೆರಳು ನಿದ್ದೆ ಮೇಷ್ಟ್ರ ಪುಟದ ಮೇಲೆ ನಿಂತಿತು. "ಶಾಲೆ ಮುಗಿಸಿದಾಗ ಹದಿನೆಂಟು. ಮನಃಶಾಸ್ತ್ರದ ತರಗತಿಗೆ ಸೇರಿದಾಗ ಇಪ್ಪತ್ತೊಂಬತ್ತು. ನಡುವಿನ ಹನ್ನೊಂದು ವರ್ಷ ಏನು ಮಾಡ್ತಿದ್ದರು ಈ ಮಹಾರಾಯರು? ನಿದ್ದೆ?"

* * *

ಚಿಕ್ಕ ಮೇಡಂ ತಮ್ಮ ಕೋಣೆಯಲ್ಲಿ ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದರು.

"ಈಗಲೇ ಗಂಟು ಕಟ್ಟಿದ್ರಾ?"

"ಹೇಗೂ ಕಟ್ಟಬೇಕಲ್ಲ ಅಮ್ಮಾ. ಲೆಕ್ಕದಕ್ಕ ಬಂದು ಅರ್ಧ ಕಟ್ಟಿಕೊಟ್ಟು ಹೋದರು. ಅವರು ಇಲ್ಲದಿದ್ದರೆ ಈ ನಾಲ್ಕು ದಿನ ನಾನು ಏನಾಗ್ತಿದ್ದೆನೋ."

ಕಿಟಕಿಯ ಕಟ್ಟೆಯ ಮೇಲೆ ಮೂವತ್ತೊಂದು ಕಂದು ಲಕೋಟೆಗಳಿದ್ದವು. ಆಸ್ಪತ್ರೆಯಿಂದ ಮನೆಗೆ ಹೋದ ಮೂವತ್ತೊಂದು ಜನ ತಮ್ಮ ಮೊದಲ ವರ್ಷದ ಬಗ್ಗೆ ಇವರೊಬ್ಬರನ್ನೇ ನಂಬಿ ಹೇಳಿದ ಮಾತುಗಳು. ಕೆಲಸ ಹೋದರೆ ಅವೆಲ್ಲ ಯಾವುದೋ ಕಪಾಟು ಸೇರುತ್ತವೆ.

ಟೈಪಮ್ಮ ಅವರ ಕಾಲು ನೋಡಿದರು. ಕಪ್ಪು ಶೂ, ಗಟ್ಟಿಯಾಗಿ ಕಟ್ಟಿದ ಲೇಸು.

"ನೀವು ಪಟ್ಟಿ ಇರೋ ಚಪ್ಪಲಿ ಹಾಕಿ ಎಷ್ಟು ವರ್ಷ ಆಯ್ತು ತಾಯಿ?"

ಚಿಕ್ಕ ಮೇಡಂ ಕೈಯಲ್ಲಿದ್ದ ಪುಸ್ತಕ ಡಬ್ಬಕ್ಕೆ ಇಳಿಯಲಿಲ್ಲ. "ಇಪ್ಪತ್ತು," ಎಂದರು.

"ಪತ್ರದಲ್ಲಿ ಇರೋ ಚಪ್ಪಲಿ ಆಗಿನದಾ?"

"ಹೌದು."

"ಹಾಗಂತ ಸೋಮವಾರವೇ ಯಾಕೆ ಹೇಳಲಿಲ್ಲ?"

ಚಿಕ್ಕ ಮೇಡಂ ಡಬ್ಬದ ಮೇಲೆ ಟೇಪು ಎಳೆದರು. ಆ ಸದ್ದು ಕೋಣೆಯಲ್ಲಿ ಬಹಳ ಹೊತ್ತು ಇತ್ತು. ಹೇಳಿದರೆ ಇನ್ಯಾರದೋ ಹೆಸರು ಹೊರಗೆ ಬರುತ್ತದೆ ಎಂಬಂತೆ ಅವರು ಬಾಯಿ ಬಿಗಿಹಿಡಿದಿದ್ದಾರೆ ಎಂದು ಟೈಪಮ್ಮನಿಗೆ ಅನ್ನಿಸಿತು.

* * *

ನಿದ್ದೆ ಮೇಷ್ಟ್ರ ಪ್ರಯೋಗಾಲಯ ಎರಡು ಕೋಣೆಯದು. ಒಳಗಿನದರಲ್ಲಿ ಒಂದು ಮಂಚ, ತಲೆದಿಂಬಿನ ಪಕ್ಕ ಬಣ್ಣಬಣ್ಣದ ವೈರುಗಳು. ನಡುವಿನ ಗೋಡೆಯಲ್ಲಿ ದಪ್ಪ ಗಾಜು. ಈ ಕಡೆಯವರಿಗೆ ಆ ಕಡೆಯವರು ಕಾಣುತ್ತಾರೆ, ಅವರಿಗೆ ಇವರು ಕಾಣುವುದಿಲ್ಲ.

ಮೇಷ್ಟ್ರಿಗೆ ನಲವತ್ತೆಂಟು. ಕಣ್ಣ ಕೆಳಗೆ ಎರಡು ಚೀಲ.

"ಪತ್ರದ ವಿಚಾರ ನಾನು ಏನೂ ಮಾತಾಡಲ್ಲ. ಸಮಿತೀಲಿ ನಾನೂ ಒಬ್ಬ ಸದಸ್ಯ," ಎಂದರು, ಕೂರುವುದಕ್ಕೆ ಮೊದಲೇ.

"ಪತ್ರ ಹಾಗಿರಲಿ ಸಾರ್. ನಂದೊಂದು ಮನೆ ತಾಪತ್ರಯ. ಅಲ್ಲಿ ಮಂಚದ ಮೇಲೆ ಕೂತಿದ್ದಾನಲ್ಲ, ಅವನು ನನ್ನ ಅಳಿಯ. ಮಗಳು ಗೋಳಾಡ್ತಾಳೆ, ನಿದ್ದೇಲಿ ಎದ್ದು ಕೂತ್ಕೊಳ್ತಾನಂತೆ. ತಲೆಗಿಲೆ ಕೆಟ್ಟಿದೆಯಾ ಒಂದು ಸಲ ನೋಡಿ ಹೇಳಿ. ನಿಮಗೆ ಪುಣ್ಯ ಬರುತ್ತೆ."

ಮೇಷ್ಟ್ರು ನಿಟ್ಟುಸಿರು ಬಿಟ್ಟು ಗಾಜಿನ ಹತ್ತಿರ ಹೋದರು. ಅಭ್ಯಾಸದ ದನಿಯಲ್ಲಿ ಹೇಳತೊಡಗಿದರು.

"ಬಲಗಾಲಿನ ಲೇಸು ಬಿಚ್ಚಿದೆ. ಎಡಗಾಲು ಅಲುಗಾಡಿಸ್ತಿದ್ದಾರೆ. ಪ್ಯಾಂಟಿನ ಅಂಚಿಗೆ ಗ್ರೀಸು. ಕೈ ಉಗುರು ಕಪ್ಪು, ಆದರೆ ಕಚ್ಚಿಲ್ಲ. ಷರ್ಟಿನ ಒಂದು ಗುಂಡಿ ತಪ್ಪು ಕಾಜಕ್ಕೆ ಹೋಗಿದೆ. ತಲೆ ಬಾಚಿದ್ದಾರೆ. ಯಾವ ಕಡೆಯೂ ನೆಟ್ಟಗೆ ನೋಡ್ತಿಲ್ಲ. ಒಬ್ಬರೇ ಮಾತಾಡ್ಕೊಳ್ತಿದ್ದಾರೆ..."

"ಅದು ಹಾಡು ಸಾರ್. ಯಾವಾಗಲೂ ಗುನುಗ್ತಾನೆ."

ಮೇಷ್ಟ್ರು ಗಾಜಿನಿಂದ ಹಿಂದೆ ಸರಿದರು.

"ಇಲ್ಲಿಗೆ ಬರೋ ಮುಂಚೆ ಬಾಗಿಲು ಕಾಯೋರನ್ನೂ ಇದನ್ನೇ ಕೇಳಿದೆ," ಎಂದರು ಟೈಪಮ್ಮ. "ಅವರು ಇವನ ಮೀಸೆಯಿಂದ ಶುರು ಮಾಡಿದರು. ದೊಡ್ಡ ಡಾಕ್ಟ್ರು ಮುಖದಿಂದ. ಲೆಕ್ಕದಮ್ಮನನ್ನ ಕೇಳಿದರೆ, ವಯಸ್ಸು ನಲವತ್ತೊಂದು, ಎತ್ತರ ಐದಡಿ ಎಂಟಂಗುಲ, ತೂಕ ಎಪ್ಪತ್ತಾರು ಕೆಜಿ, ಎರಡು ಕೆಜಿ ಆಚೀಚೆ ಅಂದರು. ಪಾದದಿಂದ ಶುರು ಮಾಡಿದವರು ನೀವೊಬ್ಬರೇ."

ಗಾಜಿನ ಆಚೆ ಅಳಿಯ ವೈರೊಂದನ್ನು ಕಿವಿಗೆ ಸಿಕ್ಕಿಸಿಕೊಂಡು ನೋಡುತ್ತಿದ್ದ.

"ಚಪ್ಪಲಿ ಡಾಕ್ಟ್ರು ನಿಮ್ಮ ತಲೆಯನ್ನೂ ಹಿಡಿದು ಬಗ್ಗಿಸಿದ್ರಾ ಸಾರ್?"

ಮೇಷ್ಟ್ರು ಕುರ್ಚಿ ಹುಡುಕಿ ಕೂತರು. ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡರು.

"ಮೂರು ವರ್ಷ," ಎಂದರು. "ವೈದ್ಯ ಪದವಿ ಮುಗಿಸಿ, ಒಂದೆರಡು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿ, ಹಳೇ ಆಸ್ಪತ್ರೆಗೆ ತರಬೇತಿಗೆ ಸೇರಿದೆ. ಕೊನೇ ಪರೀಕ್ಷೆಗೆ ಎರಡು ತಿಂಗಳು ಇತ್ತು. ದಾಖಲೆಯಲ್ಲಿ ಒಂದು ಸುಳ್ಳು ಬರೆದೆ ಅಂತ ಹೊರಗೆ ಹಾಕಿದರು. ಆಮೇಲೆ ವೈದ್ಯ ಅನ್ನೋ ಪದವೇ ಬೇಡ ಅಂತ ಮನಃಶಾಸ್ತ್ರಕ್ಕೆ ಬಂದೆ. ಇಲ್ಲಿ ಅರ್ಜಿ ಹಾಕಿದಾಗ ಆ ಕಥೆ ಬರೀಲಿಲ್ಲ."

"ಅದನ್ನ ಮುಚ್ಚಿಟ್ಟಿರಿ. ಚಿಕ್ಕ ಮೇಡಂದನ್ನ ತೆರೆದಿಟ್ಟಿರಿ."

"ಇಲ್ಲ!" ಮೇಷ್ಟ್ರು ಎದ್ದೇ ಬಿಟ್ಟರು. "ಆ ಮಾತುಗಳು ನನ್ನವು. ಪತ್ರ ನಂದಲ್ಲ."

"ಬಿಡಿಸಿ ಹೇಳಿ. ನಾನು ಓದಿದವಳಲ್ಲ."

"ಆ ಹುಡುಗಿ ವಾರ್ಡಿಗೆ ಬಂದ ದಿನ ಪರೀಕ್ಷೆ ಮಾಡಿ ಬರೆದವನು ನಾನು. ಕಿತ್ತ ಚಪ್ಪಲಿಗೆ ಬ್ಯಾಂಡೇಜು ಬಟ್ಟೆ ಕಟ್ಟಿಕೊಟ್ಟವನೂ ನಾನೇ. ಅದನ್ನೂ ಬರೆದಿದ್ದೆ. ಸೋಮವಾರ ನಿರ್ದೇಶಕರು ಪತ್ರ ಓದಿದಾಗ ನನ್ನ ಅಕ್ಷರಗಳು ಎದ್ದು ಬಂದು ಕೆನ್ನೆಗೆ ಹೊಡೆದ ಹಾಗಾಯ್ತು. ಒಂದು ಪದ ಬದಲಾಗಿಲ್ಲ. 'ಇತ್ತು' ಅನ್ನೋದನ್ನ 'ಇದೆ' ಮಾಡಿದ್ದಾರೆ, ಅಷ್ಟೇ. ಫೈಲು ಯಾರ ಕೈಯಲ್ಲಿದೆಯೋ ಅವರು ಕೂತು ನಕಲು ಮಾಡಿದ್ದಾರೆ."

ಟೈಪಮ್ಮ ಅವರ ಕಾಲು ನೋಡಿದರು. ಎರಡೂ ಪಾದ ನೆಲಕ್ಕೆ ಒತ್ತಿ ನಿಂತಿದ್ದವು. ಈ ಮನುಷ್ಯ ನಿಜ ಹೇಳುತ್ತಿದ್ದಾನೆ ಎಂದು ಅವರಿಗೆ ಅನಿಸಿತು. ಅನಿಸಿದ್ದಕ್ಕೆ ಬೇಜಾರೂ ಆಯಿತು. ಕೈಗೆ ಸಿಕ್ಕಿದ ಕಳ್ಳ ಕೈ ಜಾರಿದ್ದ.

"ಹಾಗಾದರೆ ಮೂರು ಗಂಟೆಗೆ ಬಂದು ಅದನ್ನೇ ಹೇಳಿ ಸಾರ್. ಈ ಪತ್ರದಲ್ಲಿ ಇರೋದು ಇವತ್ತಿನ ಅಧ್ಯಾಪಕಿ ಅಲ್ಲ, ಇಪ್ಪತ್ತು ವರ್ಷದ ಹಿಂದಿನ ಹುಡುಗಿ ಅಂತ. ಒಂದೇ ಮಾತಿಗೆ ಪತ್ರದ ಹಲ್ಲು ಉದುರುತ್ತೆ."

"ನಿಮಗೆ ಹೇಗೆ ಗೊತ್ತು ಅಂತ ಕೇಳ್ತಾರೆ."

"ಕೇಳ್ತಾರೆ."

"ನನ್ನ ಕೆಲಸ ಹೋಗುತ್ತೆ. ಮಗಳು ಈ ಕಾಲೇಜಲ್ಲೇ ಎರಡನೇ ವರ್ಷ ಓದ್ತಿದ್ದಾಳೆ. ನಾಳೆ ತರಗತೀಲಿ ಎಲ್ಲರೂ ಅವಳ ಮುಖ ನೋಡ್ತಾರೆ. ನಾನು ಬರಲ್ಲ. ಹುಷಾರಿಲ್ಲ ಅಂತ ಚೀಟಿ ಕಳಿಸ್ತೀನಿ."

ಟೈಪಮ್ಮ ಚೀಲ ಹೆಗಲಿಗೇರಿಸಿದರು. ಬಾಗಿಲ ಹತ್ತಿರ ನಿಂತರು.

"ಆರು ವರ್ಷದಿಂದ ಒಂದೇ ವರಾಂಡದಲ್ಲಿ ಓಡಾಡ್ತಿದ್ದೀರಿ. ಅವರಿಗೆ ನೀವು ಯಾರು ಅಂತ ಗೊತ್ತಿಲ್ವಾ?"

"ಗೊತ್ತು. ಸೇರಿದ ದಿನವೇ ಗುರುತು ಹಿಡಿದರು. ನನ್ನ ಕಾಲು ನೋಡಿ ನಕ್ಕರು."

"ನಾಲ್ಕು ದಿನದಿಂದ ನಾನು ಅವರನ್ನ ಕೆದಕ್ತಾ ಇದ್ದೀನಿ ಸಾರ್. ಇವತ್ತೂ ಕೇಳಿದೆ. ಪುಸ್ತಕ ಡಬ್ಬಕ್ಕೆ ತುಂಬ್ತಾ ಇದ್ದಾರೆ, ನಿಮ್ಮ ಬಗ್ಗೆ ಒಂದು ಮಾತು ಬಾಯಿಂದ ಬಂದಿಲ್ಲ."

ಅಷ್ಟು ಹೇಳಿ ಹೊರಟುಬಿಟ್ಟರು. ಆಚೆಯ ಕೋಣೆಯಿಂದ ಅಳಿಯನನ್ನು ಕರೆಯಬೇಕಾಯಿತು. ಅವನು ಮಂಚದ ಮೇಲೆ ನಿದ್ದೆ ಹೋಗಿದ್ದ.

* * *

ಮೂರು ಗಂಟೆ ಐದು ನಿಮಿಷ. ಉದ್ದನೆಯ ಮೇಜಿನ ತಲೆಯಲ್ಲಿ ನಿರ್ದೇಶಕರು. ಬಲಕ್ಕೆ ದೊಡ್ಡ ಡಾಕ್ಟರು, ಎಡಕ್ಕೆ ಲೆಕ್ಕದಮ್ಮ. ಒಂದು ಕುರ್ಚಿ ಖಾಲಿ. ಎದುರಿಗೆ ಚಿಕ್ಕ ಮೇಡಂ, ಹಿಂದಿನ ಗೋಡೆಗೆ ಒತ್ತಿಕೊಂಡು ಟೈಪಮ್ಮ. ಜೊತೆಗೊಬ್ಬರು ಇರಬಹುದು, ಬಾಯಿ ಹಾಕುವಂತಿಲ್ಲ ಎಂದು ಒಳಗೆ ಬಿಟ್ಟಿದ್ದರು.

"ಒಂದೇ ಪ್ರಶ್ನೆ," ಎಂದರು ನಿರ್ದೇಶಕರು. "ಹತ್ತೊಂಬತ್ತನೇ ವಯಸ್ಸಿನಲ್ಲಿ ನೀವು ಮಾನಸಿಕ ಆಸ್ಪತ್ರೆಯಲ್ಲಿ ಇದ್ದದ್ದು ನಿಜವೇ?"

"ನಿಜ."

"ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಸಾರ್. ಮೂಳೆ ಮುರಿದಿತ್ತಾ ಅಂತಲೂ ಕೇಳಿರಲಿಲ್ಲ."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂಳೆಯ ಮಾತು ಬೇರೆ. ಈ ಪತ್ರ ಹೇಳೋದು ಹಿಂದಿನ ಕಥೆ ಅಲ್ಲ. ಈಗಲೂ ಹೀಗಿದ್ದೀರಿ ಅಂತ. ಹೌದೋ ಅಲ್ಲವೋ ಅಂತ ನಿರ್ಧಾರ ಆಗೋವರೆಗೆ ಆ ಮೂವತ್ತೊಂದು ಜನರ ಹತ್ತಿರ ನಿಮ್ಮನ್ನ ಬಿಡೋದು ಹೇಗೆ?"

ಬಾಗಿಲು ತೆರೆಯಿತು.

ನಿದ್ದೆ ಮೇಷ್ಟ್ರು ಒಳಗೆ ಬಂದರು. ಕುರ್ಚಿಗೆ ಹೋಗಲಿಲ್ಲ, ಚಿಕ್ಕ ಮೇಡಂ ಪಕ್ಕದಲ್ಲಿ ನಿಂತರು. ಚಿಕ್ಕ ಮೇಡಂ ತಲೆಯಲ್ಲಾಡಿಸಿದರು, ಬೇಡ ಎಂಬಂತೆ.

"ಪತ್ರದ ಮಾತುಗಳು ಇಪ್ಪತ್ತು ವರ್ಷ ಹಳೆಯವು," ಎಂದರು ಮೇಷ್ಟ್ರು. "ಹಳೇ ಆಸ್ಪತ್ರೆಯ ಫೈಲಿನಲ್ಲಿ ಅವನ್ನು ಬರೆದವನು ನಾನು. ಆಗ ಅಲ್ಲಿ ಕಲಿಯೋ ಡಾಕ್ಟರಾಗಿದ್ದೆ. ನನ್ನನ್ನ ಹೊರಗೆ ಹಾಕಿದರು. ಅದನ್ನ ನಾನು ಈ ಕಾಲೇಜಿಗೆ ಹೇಳಲಿಲ್ಲ. ನನ್ನ ಮೇಲೆ ಏನು ಬೇಕೋ ಮಾಡಿ. ಆದರೆ ಆ ಪತ್ರದಲ್ಲಿ ಇವತ್ತಿನ ಒಂದು ಸಾಲೂ ಇಲ್ಲ. ಬೇಕಾದರೆ ಇವರ ಕಾಲು ನೋಡಿ."

ಎಲ್ಲರೂ ನೋಡಿದರು. ಕಪ್ಪು ಶೂ. ನಿರ್ದೇಶಕರು ಪತ್ರ ಎತ್ತಿ ಮೊದಲ ಸಾಲು ಓದಿ ಮತ್ತೆ ಕೆಳಗಿಟ್ಟರು. ಅವರ ಮುಖ ಸಡಿಲವಾಯಿತು. ಗೋಡೆಗೆ ಒರಗಿದ್ದ ಟೈಪಮ್ಮ ಆಗ ಉಸಿರು ಬಿಟ್ಟರು.

ಲೆಕ್ಕದಮ್ಮ ಕಣ್ಣೊರೆಸಿಕೊಂಡು ಮೇಜು ಕುಟ್ಟಿದರು.

"ನಾನು ಮೊದಲಿಂದ ಇದನ್ನೇ ಹೇಳ್ತಾ ಬಂದಿದ್ದೀನಿ! ಆರು ವರ್ಷದಲ್ಲಿ ಇವಳು ರಜೆ ಹಾಕಿದ್ದು ಒಂಬತ್ತು ದಿನ. ಪಾಠ ತಪ್ಪಿಸಿದ್ದು ಸೊನ್ನೆ. ಇಷ್ಟೆಲ್ಲ ಒಂದು ತಕ್ಕಡೀಲಿ ಇಡಿ. ಇನ್ನೊಂದರಲ್ಲಿ ಯಾವಾಗಲೋ ಆಸ್ಪತ್ರೇಲಿ ಕಳೆದ ಹನ್ನೊಂದು ದಿನ. ಹನ್ನೊಂದು! ಅದಕ್ಕೆ ಒಬ್ಬಳ ಬದುಕು ತೂಗ್ತೀರಾ?"

"ಹದಿನೇಳು, ಅಕ್ಕಾ," ಎಂದರು ಚಿಕ್ಕ ಮೇಡಂ.

"ಏನು?"

"ನಾನು ಅಲ್ಲಿದ್ದದ್ದು ಹದಿನೇಳು ದಿನ. ಎಷ್ಟು ದಿನ ಅಂತ ಇವತ್ತಿನವರೆಗೂ ನಾನು ಯಾರಿಗೂ ಹೇಳಿಲ್ಲ. ಪತ್ರದಲ್ಲೂ ಇಲ್ಲ."

ಲೆಕ್ಕದಮ್ಮನ ಕೈ ಮೇಜಿನ ಮೇಲೆ ಹಾಗೇ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ 'ಕೆಲವು ದಿನ' ಎನ್ನುತ್ತಿದ್ದರು. ಅಂಕಿ ಗೊತ್ತಿದ್ದೂ ಹೇಳದೆ ಇರುವುದು ಈ ಹೆಂಗಸಿಗೆ ಜನ್ಮದಲ್ಲಿ ಆಗದ ಕೆಲಸ.

ನಿದ್ದೆ ಮೇಷ್ಟ್ರು ಲೆಕ್ಕದಮ್ಮನ ಕಡೆ ತಿರುಗಿದರು. "ಹನ್ನೊಂದನೇ ದಿನ ಬಿಡುಗಡೆ ಆಯ್ತು ಅಂತ ಬರೆದೆ. ಇನ್ನೊಂದು ವಾರ್ಡಿಗೆ ಸಾಗಿಸೋರಿದ್ದರು, ಅಲ್ಲಿಗೆ ಹೋದವರು ಬೇಗ ಹೊರಗೆ ಬರ್ತಿರಲಿಲ್ಲ. ಇವರ ಅಣ್ಣ ಬರೋವರೆಗೆ ಆರು ದಿನ ದಾದಿಯರ ಕೋಣೇಲಿ ಇಟ್ಟುಕೊಂಡ್ವಿ. ನನ್ನನ್ನ ಹೊರಗೆ ಹಾಕಿದ್ದು ಆ ಸುಳ್ಳಿಗೇ. ಹನ್ನೊಂದು ಅಂತ ಇರೋದು ಆ ಫೈಲಿನಲ್ಲಿ ಮಾತ್ರ."

ಬಾಯಿ ಹಾಕಬಾರದೆಂಬ ಮಾತನ್ನು ಟೈಪಮ್ಮ ಮರೆತರು.

"ಫೈಲು ಯಾವಾಗ ತೆಗೆದ್ರಿ ಮೇಡಂ?"

"ಇವಳು ಕೆಲಸಕ್ಕೆ ಸೇರಿದ ವಾರ," ಎಂದರು ಲೆಕ್ಕದಮ್ಮ ಸಣ್ಣಗೆ. "ನನ್ನ ಪ್ರಶ್ನಾವಳಿಗೆ ಹಳೇ ದಾಖಲೆ ನೋಡ್ತಾ ಇದ್ದೆ. ಇವಳ ಹೆಸರು ಕಂಡಿತು. ಬೇರೆಯವರ ಕೈಗೆ ಸಿಗಬಾರದು ಅಂತ ತೆಗೆದು ಬೀಗ ಹಾಕಿಟ್ಟೆ. ಪತ್ರ ನಾನು ಬರೆದಿಲ್ಲ. ನನ್ನ ತಾಯಾಣೆ."

"ಸುಡಬಹುದಿತ್ತಲ್ಲ? ಓದಿದ್ದು ಯಾಕೆ?"

ಲೆಕ್ಕದಮ್ಮ ಮೇಜಿನ ಮೇಲಿನ ಕೈಯನ್ನು ಮಡಿಲಿಗೆ ಎಳೆದುಕೊಂಡರು.

ಚಿಕ್ಕ ಮೇಡಂ ಅವರನ್ನೇ ನೋಡುತ್ತಿದ್ದರು. "ಆರು ವರ್ಷ ದಿನಾ ಒಟ್ಟಿಗೆ ಊಟ ಮಾಡಿದ್ವಿ ಅಕ್ಕಾ. ತಿಂದ್ಯಾ, ಮಲಗಿದ್ಯಾ ಅಂತ ದಿನಾ ಕೇಳ್ತಿದ್ರಿ. ತಂಗಿ ಥರ ನೋಡ್ಕೊಳ್ತಿದ್ದೀರಿ ಅಂದ್ಕೊಂಡಿದ್ದೆ. ರೋಗಿ ಥರ ನೋಡ್ತಿದ್ರಾ?"

"ಅಯ್ಯೋ, ಇಲ್ಲ ಕಣೇ..."

"ಫೈಲು ಎಲ್ಲಿದೆ?" ಎಂದರು ನಿರ್ದೇಶಕರು.

"ನನ್ನ ಮೇಜಿನ ಕೆಳಗಿನ ಖಾನೇಲಿತ್ತು. ಶನಿವಾರ ನೋಡಿದಾಗ ಇರಲಿಲ್ಲ. ಬೀಗ ಹಾಕಿದ ಹಾಗೇ ಇತ್ತು. ಹೇಳೋಕೆ ಬಾಯಿ ಬರಲಿಲ್ಲ."

"ಆ ಖಾನೆಗೆ ಕೀಲಿ ಎಷ್ಟು?" ಎಂದು ಟೈಪಮ್ಮ ಕೇಳಿದರು.

"ಎರಡು." ಲೆಕ್ಕದಮ್ಮ ತಲೆ ಎತ್ತಿದರು. ನಿಧಾನವಾಗಿ, ತಮಗೇ ಈಗ ಹೊಳೆಯುತ್ತಿರುವ ಹಾಗೆ, ಚಿಕ್ಕ ಮೇಡಂ ಕಡೆ ತಿರುಗಿದರು. "ಒಂದು ನನ್ನ ಹತ್ತಿರ. ಪರೀಕ್ಷೆ ಕಾಲಕ್ಕೆ ಮೇಲಿನ ಖಾನೆ ತೆಗೀಬೇಕು ಅಂದೆಯಲ್ಲ, ಇಡೀ ಗೊಂಚಲು ಕೊಟ್ಟಿದ್ದೆ. ಇನ್ನೊಂದು ನಿನ್ನ ಹತ್ತಿರವೇ ಇದೆ."

ದೊಡ್ಡ ಡಾಕ್ಟರು ಕನ್ನಡಕ ಏರಿಸಿಕೊಂಡರು. ನಿದ್ದೆ ಮೇಷ್ಟ್ರು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರು.

ಫೈಲು ತೆಗೆದವಳು ನಾನಲ್ಲ, ಪತ್ರ ನನ್ನದಲ್ಲ ಎಂಬ ಒಂದು ಮಾತು ಬರಲಿ ಎಂದು ಟೈಪಮ್ಮ ಕಾದರು. ಚಿಕ್ಕ ಮೇಡಂ ಏನೂ ಹೇಳಲಿಲ್ಲ. ಅಳಲೂ ಇಲ್ಲ. ಕೈಚೀಲ ಎತ್ತಿಕೊಂಡು ಎದ್ದು ನಿಂತರು.

ಸೋಮವಾರ ಹತ್ತಕ್ಕೆ ಮತ್ತೆ ಸೇರೋಣ, ಅಲ್ಲಿವರೆಗೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ನಿರ್ದೇಶಕರು ಎದ್ದರು.

ಚಿಕ್ಕ ಮೇಡಂಗೆ ಸಿಕ್ಕಿದ್ದು ನಾಲ್ಕು ದಿನದ ಕೆಲಸ. ಹೋದದ್ದು ಈ ಕಟ್ಟಡದಲ್ಲಿ ಅವರು ಅಕ್ಕಾ ಎಂದು ಕರೆಯುತ್ತಿದ್ದ ಒಬ್ಬರೇ ಒಬ್ಬರು. ಟೈಪಮ್ಮ ಕಳೆದುಕೊಂಡದ್ದು ಅದಕ್ಕಿಂತ ಕಡಿಮೆಯೇನಲ್ಲ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ತಾನು ಯಾರ ಪರ ಎಂದು ಅವರಿಗೆ ಗೊತ್ತಿತ್ತು. ಈಗ ಗೊತ್ತಿರಲಿಲ್ಲ.